ಮಕ್ಕಳಿಗೆ ನೋವಿಲ್ಲ ಎಂದು ನಂಬಿದ್ದ ಕಾಲ

ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ಊರಿನ ಆರು ವರ್ಷದ ಹುಡುಗನೊಬ್ಬನಿಗೆ ತಲೆಯ ಆಪರೇಷನ್ ಆಯಿತು. ಹಿಂದಲೆಯ ಒಳಗೆ, ಸಣ್ಣಮೆದುಳಿನ ಹತ್ತಿರ ಗಡ್ಡೆ ಇತ್ತು. ಆರೋಗ್ಯ ಕಾರ್ಡಿನ ಕಾಗದಪತ್ರ ಸರಿಮಾಡಿಸಿಕೊಡಲು ಬನ್ನಿ ಎಂದು ಮನೆಯವರು ಕರೆದಿದ್ದರಿಂದ ನಾವೂ ಆಸ್ಪತ್ರೆಗೆ ಹೋಗಿದ್ದೆವು. ಆಪರೇಷನ್ ಆಗಿ ಎರಡನೇ ದಿನ. ತಲೆಗೆ ಬಿಳಿ ಪಟ್ಟಿ, ಕೈಯಲ್ಲಿ ಸಲೈನ್ ಸೂಜಿ. ಹುಡುಗ ಒಂದು ಮಗ್ಗುಲಿಗೆ ತಿರುಗಿ, ಕಣ್ಣು ಬಿಟ್ಟುಕೊಂಡು, ಅಲುಗಾಡದೆ ಮಲಗಿದ್ದ.

"ಇಂವ ಒಂದ್ ಸಲಾನೂ ಅತ್ತಿಲ್ರಿ. ಭಾಳ ಗಟ್ಟಿ ಹುಡುಗ," ಎಂದರು ಅವನ ಅಪ್ಪ. ಅವರ ದನಿಯಲ್ಲಿ ಹೆಮ್ಮೆ ಇತ್ತು. ನಾವೂ ತಲೆಯಾಡಿಸಿದೆವು.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಒಬ್ಬರು ಬಂದರು. ಕೈಯಲ್ಲಿ ಒಂದು ಹಾಳೆ. ಅದರ ಮೇಲೆ ಸಾಲಾಗಿ ಆರು ಮುಖಗಳ ಚಿತ್ರ. ಮೊದಲನೆಯದು ನಗುವ ಮುಖ, ಕೊನೆಯದು ಕಣ್ಣೀರು ಸುರಿಸುವ ಮುಖ. "ಪುಟ್ಟಾ, ನಿನಗ ನೋವು ಯಾವ ಮುಖದಂಗ ಐತಿ? ಬಟ್ಟಿಟ್ಟು ತೋರ್ಸು," ಎಂದರು. ಹುಡುಗ ನಿಧಾನಕ್ಕೆ ಕೈ ಎತ್ತಿ ಐದನೇ ಮುಖದ ಮೇಲೆ ಬೆರಳಿಟ್ಟ.

ಅಪ್ಪನ ಮುಖ ಸಣ್ಣದಾಯಿತು. "ಮತ್ಯಾಕ ಹೇಳ್ಲಿಲ್ಲೋ ಯಪ್ಪಾ? ಯಾಕ ಅಳ್ಲಿಲ್ಲ?"

"ಅತ್ತರ ಇನ್ನೂ ನೋಯ್ತೈತಿ," ಎಂದ ಹುಡುಗ.

ಆ ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ. ಅಳುವ ಕೂಸಿಗೆ ಹಾಲು ಎನ್ನುತ್ತೇವೆ. ಅಳಲಾರದ ಕೂಸಿನ ಗತಿ ಏನು? ಸಿಸ್ಟರ್ ಕೈಯಲ್ಲಿದ್ದ ಆ ಒಂದು ಹಾಳೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ಸಿಕ್ಕ ಕಥೆ ಇದು. ಮಕ್ಕಳ ನೋವನ್ನು ವೈದ್ಯಲೋಕ ನಂಬುವುದಕ್ಕೆ ಎಷ್ಟು ಕಾಲ ಹಿಡಿಯಿತು ಎಂಬ ಕಥೆ.

ಸೂಜಿ ಚುಚ್ಚಿ ನೋಡಿದ ಪರೀಕ್ಷೆ

1846ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಈಥರ್ ಎಂಬ ಔಷಧದ ಆವಿ ಕುಡಿಸಿ ರೋಗಿಯ ಅರಿವು ತಪ್ಪಿಸಿ ಆಪರೇಷನ್ ಮಾಡಿ ತೋರಿಸಿದರು. ಅಲ್ಲಿಂದ ಅರಿವಳಿಕೆಯ ಯುಗ ಶುರುವಾಯಿತು. ಅದಕ್ಕೂ ಮೊದಲು ನಾಲ್ಕು ಜನ ಹಿಡಿದುಕೊಂಡು, ಬಾಯಿಗೆ ಬಟ್ಟೆ ಕೊಟ್ಟು ಕೊಯ್ಯುತ್ತಿದ್ದ ಕಾಲ. ಹೊಸ ಔಷಧ ದೊಡ್ಡವರ ಪಾಲಿಗೆ ವರವಾಯಿತು. ಎಳೆಗೂಸುಗಳ ಪಾಲಿಗೆ ಅದೇ ಭಯವೂ ಆಯಿತು. ಈಥರ್ ಆಗಲಿ, ಆಮೇಲೆ ಬಂದ ಬೇರೆ ಔಷಧಗಳಾಗಲಿ, ಪ್ರಮಾಣ ಒಂದಿಷ್ಟು ಹೆಚ್ಚಾದರೆ ಪುಟ್ಟ ಹೃದಯ ನಿಂತೇ ಹೋಗುತ್ತಿತ್ತು, ಉಸಿರು ಕಟ್ಟುತ್ತಿತ್ತು. ಕೂಸಿಗೆ ಎಷ್ಟು ಕಡಿಮೆ ಕೊಟ್ಟರೆ ಅಷ್ಟು ಕ್ಷೇಮ ಎಂದು ವೈದ್ಯರು ಅಂದುಕೊಂಡರು. ಅದು ಕ್ರೌರ್ಯದಿಂದ ಹುಟ್ಟಿದ ಯೋಚನೆ ಅಲ್ಲ. ಮಗು ಉಳಿಯಬೇಕಲ್ಲ ಎಂಬ ಭಯದಿಂದ ಹುಟ್ಟಿದ್ದು.

ಆ ಭಯದ ಜೊತೆ ಒಂದು ನಂಬಿಕೆಯೂ ಸೇರಿಕೊಂಡಿತು. 1941ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮರ್ಟಲ್ ಮೆಕ್‌ಗ್ರಾ ಒಂದು ಅಧ್ಯಯನ ಪ್ರಕಟಿಸಿದರು. 75 ಮಕ್ಕಳಿಗೆ ಹುಟ್ಟಿದಾಗಿನಿಂದ ಬೇರೆ ಬೇರೆ ವಯಸ್ಸಿನಲ್ಲಿ ಸೂಜಿಯಿಂದ ಮೆತ್ತಗೆ ಚುಚ್ಚಿ, ಅವು ಏನು ಮಾಡುತ್ತವೆ ಎಂದು ಗಮನಿಸಿದ್ದರು. ಹುಟ್ಟಿದ ಮೊದಲ ದಿನಗಳ ಕೂಸುಗಳಲ್ಲಿ ಪ್ರತಿಕ್ರಿಯೆ ಮಂದವಾಗಿ ಕಂಡಿತು. ಕೂಸಿನ ಮೆದುಳು ಇನ್ನೂ ಬಲಿತಿಲ್ಲ, ನೋವಿನ ಸುದ್ದಿ ಮೆದುಳಿನ ಮೇಲ್ಪದರಕ್ಕೆ ಮುಟ್ಟುವುದಿಲ್ಲ ಎಂಬ ಅರ್ಥ ಅದರಿಂದ ಹೊರಟಿತು. ಈ ಮಾತು ಒಂದು ಪುಸ್ತಕದಿಂದ ಇನ್ನೊಂದಕ್ಕೆ ದಾಟಿತು. ಕೂಸು ಅತ್ತರೆ ಅದು ಬರೀ ದೇಹದ ಚಟುವಟಿಕೆ, ನಿಜವಾದ ನೋವಲ್ಲ ಎಂದು ಕಾಲೇಜುಗಳಲ್ಲಿ ಹೇಳಿಕೊಟ್ಟರು.

ನಮ್ಮ ಊರಿನ ಯಾವ ಅಜ್ಜಿಯನ್ನು ಕೇಳಿದ್ದರೂ ಇದಕ್ಕೆ ನಕ್ಕುಬಿಡುತ್ತಿದ್ದರು. ಹೊಟ್ಟೆ ಹಿಡಿದ ಅಳು ಯಾವುದು, ಹಸಿವಿನ ಅಳು ಯಾವುದು, ಇರುವೆ ಕಚ್ಚಿದ ಅಳು ಯಾವುದು ಎಂದು ಕತ್ತಲಲ್ಲೇ ಹೇಳಬಲ್ಲವರು ಅವರು. ಆದರೆ ಅಜ್ಜಿಯರ ಸಾಕ್ಷಿಯನ್ನು ಯಾವ ಪುಸ್ತಕವೂ ಬರೆದುಕೊಳ್ಳಲಿಲ್ಲ.

ಲೆಕ್ಕ ಹಾಕಿದ ನರ್ಸ್

ಕೂಸುಗಳ ಮಾತು ಹಾಗಿರಲಿ. ನಾಲ್ಕೈದು ವರ್ಷದ, ಮಾತಾಡಬಲ್ಲ ಮಕ್ಕಳ ಗತಿಯೂ ಬಹಳ ಬೇರೆ ಇರಲಿಲ್ಲ. ಆಪರೇಷನ್ ಆದ ಮಕ್ಕಳಿಗೆ ನೋವಿನ ಔಷಧ ಬೇಕಾಗುವುದೇ ಅಪರೂಪ ಎಂದು 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲೇ ಅಚ್ಚಾಗಿತ್ತು.

ಇದನ್ನು ಲೆಕ್ಕ ಹಾಕಿ ತೋರಿಸಿದ್ದು ಡಾಕ್ಟರ್ ಅಲ್ಲ, ಒಬ್ಬ ನರ್ಸ್. ಅಮೆರಿಕದ ಅಯೋವಾ ರಾಜ್ಯದ ಜೋಆನ್ ಈಲ್ಯಾಂಡ್. 1977ರಲ್ಲಿ ಪ್ರಕಟವಾದ ಅವರ ಬರಹದಲ್ಲಿ ಇದ್ದದ್ದು ಸರಳ ಲೆಕ್ಕ. ಆಪರೇಷನ್ ಆದ 25 ಮಕ್ಕಳ ದಾಖಲೆ ತೆಗೆದು ನೋಡಿದರು. ಅವರಲ್ಲಿ 13 ಮಕ್ಕಳಿಗೆ ಒಂದೇ ಒಂದು ಸಲವೂ ನೋವಿನ ಔಷಧ ಕೊಟ್ಟಿರಲಿಲ್ಲ. ಉಳಿದ 12 ಮಕ್ಕಳಿಗೆ ಎಲ್ಲ ಸೇರಿ 24 ಸಲ ಕೊಟ್ಟಿದ್ದರು. ಅಂಥದ್ದೇ ಕಾಯಿಲೆಯ 18 ದೊಡ್ಡವರ ದಾಖಲೆಯನ್ನೂ ನೋಡಿದರು. ಅವರಿಗೆ ಕೊಟ್ಟದ್ದು 671 ಸಲ.

24 ಎಲ್ಲಿ, 671 ಎಲ್ಲಿ. ಇಬ್ಬರಿಗೂ ಕೊಯ್ದ ಚಾಕು ಒಂದೇ.

ಮಕ್ಕಳ ನೋವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಆಗ ಎದ್ದಿತು. ದೊಡ್ಡವರಾದರೆ ರೂಪಾಯಿಗೆ ಎಂಟಾಣೆ ನೋವು, ಹನ್ನೆರಡಾಣೆ ನೋವು ಎಂದಾದರೂ ಹೇಳುತ್ತಾರೆ. ಮೂರು ವರ್ಷದ ಮಗುವಿಗೆ ಲೆಕ್ಕ ಎಲ್ಲಿ ಬರುತ್ತದೆ?

ಉತ್ತರ ಸಿಕ್ಕಿದ್ದು ಓಕ್ಲಹೋಮಾ ರಾಜ್ಯದ ಟುಲ್ಸಾ ಊರಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ. 1980ರ ದಶಕದ ಆರಂಭ. ಡೊನಾ ವಾಂಗ್ ಎಂಬ ನರ್ಸ್, ಕಾನಿ ಬೇಕರ್ ಎಂಬ ಮಕ್ಕಳ ಒಡನಾಡಿ ಕೆಲಸಗಾರ್ತಿ. ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು, ಖಾಲಿ ವೃತ್ತಗಳನ್ನು ಬರೆದು, ನೋವಿಲ್ಲದ ಮುಖದಿಂದ ಬಹಳ ನೋವಿನ ಮುಖದವರೆಗೆ ನೀವೇ ಬರೆಯಿರಿ ಎಂದರು. ಮಕ್ಕಳು ಬರೆದ ಗೆರೆಗಳನ್ನೇ ನೋಡಿ ಕಲಾವಿದರಿಂದ ಆರು ಮುಖಗಳನ್ನು ಬರೆಸಿದರು. ನಮ್ಮ ಹುಡುಗ ಬೆರಳಿಟ್ಟು ತೋರಿಸಿದ್ದು ಅದನ್ನೇ. ಇವತ್ತು ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಇರುವ ಆ ಚಿತ್ರ ಮೂಲದಲ್ಲಿ ಸುಟ್ಟಗಾಯದ ಮಕ್ಕಳ ಕೈಬರಹ.

ಮಾತು ಬಾರದ ಕೂಸುಗಳಿಗೂ, ಮಂಪರಿನಲ್ಲಿರುವ ಮಕ್ಕಳಿಗೂ ಇನ್ನೊಂದು ಅಳತೆ 1997ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಬಂತು. ಮಗುವಿನ ಮುಖ, ಕಾಲು, ಮೈಯ ಚಲನೆ, ಅಳು, ಎತ್ತಿ ಸಂತೈಸಿದರೆ ಸುಮ್ಮನಾಗುತ್ತದೆಯೇ ಎಂಬುದು. ಈ ಐದನ್ನೂ ನೋಡಿ ಒಂದೊಂದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ. ಒಟ್ಟು ಹತ್ತು. ನಮ್ಮ ಅಜ್ಜಿಯರು ಕಣ್ಣಲ್ಲೇ ಮಾಡುತ್ತಿದ್ದ ಕೆಲಸಕ್ಕೆ ಕೊನೆಗೂ ಒಂದು ಕಾಗದ ಸಿಕ್ಕಿತು.

ಜೆಫ್ರಿಯ ತಾಯಿ

ಅಳೆಯುವ ಕಡ್ಡಿ ಬಂದರೂ ನಂಬಿಕೆ ಅಲುಗಾಡಲಿಲ್ಲ. ಅದನ್ನು ಅಲುಗಾಡಿಸಿದವರು ಒಬ್ಬ ತಾಯಿ.

1985ರ ಫೆಬ್ರುವರಿಯಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಜೆಫ್ರಿ ಲಾಸನ್ ಎಂಬ ಕೂಸು ತಿಂಗಳು ತುಂಬುವ ಬಹಳ ಮೊದಲೇ ಹುಟ್ಟಿತು. ಹೃದಯದ ಹತ್ತಿರದ ಒಂದು ರಕ್ತನಾಳವನ್ನು ಕಟ್ಟಲು ಎದೆ ತೆರೆದು ಆಪರೇಷನ್ ಮಾಡಿದರು. ಕೆಲವು ವಾರಗಳಲ್ಲಿ ಕೂಸು ತೀರಿಕೊಂಡಿತು. ಆಮೇಲೆ ತಾಯಿ ಜಿಲ್ ಲಾಸನ್ ಆಸ್ಪತ್ರೆಯ ದಾಖಲೆಗಳನ್ನು ಓದಿದರು. ಆಪರೇಷನ್ ಹೊತ್ತಿನಲ್ಲಿ ಮಗುವಿಗೆ ಕೊಟ್ಟಿದ್ದು ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧ ಮಾತ್ರ. ಅರಿವು ತಪ್ಪಿಸುವುದು, ನೋವು ತಡೆಯುವುದು ಯಾವುದೂ ಇರಲಿಲ್ಲ.

ಸ್ನಾಯು ನಿಲ್ಲಿಸುವ ಔಷಧ ಎಂದರೆ ಏನು ಎಂದು ಒಂದು ಗಳಿಗೆ ಯೋಚಿಸಿ. ಈ ಜಾತಿಯ ಔಷಧಗಳ ಮೂಲ ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ವಿಷ. ಕೈಕಾಲು ಆಡುವುದಿಲ್ಲ, ಬಾಯಿ ತೆರೆಯುವುದಿಲ್ಲ, ರೆಪ್ಪೆ ಕೂಡ ಮಿಟುಕುವುದಿಲ್ಲ. ಎಚ್ಚರ ಮಾತ್ರ ಇದ್ದೇ ಇರುತ್ತದೆ. ನೋಡುವವರಿಗೆ ಮಗು ಸುಮ್ಮನೆ ಮಲಗಿದಂತೆ ಕಾಣುತ್ತದೆ.

ಜಿಲ್ ಲಾಸನ್ ಪತ್ರ ಬರೆದರು. ವೈದ್ಯರಿಗೆ, ಸಂಘಗಳಿಗೆ, ಪತ್ರಿಕೆಗಳಿಗೆ. ಅಷ್ಟು ಸಣ್ಣ ಕೂಸಿಗೆ ನೋವು ಗೊತ್ತಾಗುವುದಿಲ್ಲ, ಇದು ಎಲ್ಲ ಕಡೆ ಇರುವ ಪದ್ಧತಿ ಎಂಬ ಉತ್ತರವೇ ಅವರಿಗೆ ಸಿಕ್ಕಿತು. ಅವರು ಬಿಡಲಿಲ್ಲ. 1986ರಲ್ಲಿ ವಾಷಿಂಗ್ಟನ್‌ನ ಪತ್ರಿಕೆ ಈ ಕಥೆಯನ್ನು ಅಚ್ಚುಹಾಕಿತು. ಓದಿದ ಜನ ದಂಗಾದರು. ಆಸ್ಪತ್ರೆಯ ಒಳಗೆ ಹತ್ತಾರು ವರ್ಷ ಮಾಮೂಲಾಗಿದ್ದ ಸಂಗತಿ ಹೊರಗಿನವರಿಗೆ ಒಂದೇ ದಿನದಲ್ಲಿ ಅನ್ಯಾಯವಾಗಿ ಕಂಡಿತು. ಸುದ್ದಿ ಬರೆಯುವ ನಮ್ಮಂಥವರಿಗೆ ಇದರಲ್ಲಿ ಒಂದು ಪಾಠ ಇದೆ ಎಂದುಕೊಂಡಿದ್ದೇವೆ.

ಇಂದೋರಿನಲ್ಲಿ ಓದಿದ ಡಾಕ್ಟರ್

ತಾಯಿ ಎತ್ತಿದ ಪ್ರಶ್ನೆಗೆ ವಿಜ್ಞಾನದ ಉತ್ತರ ಕೊಟ್ಟವರಲ್ಲಿ ಮುಖ್ಯರಾದವರು ನಮ್ಮ ದೇಶದವರೇ. ಕನ್ವಲ್‌ಜೀತ್ ಸಿಂಗ್ ಆನಂದ್. ಇಂದೋರಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋದವರು.

1980ರ ದಶಕದ ಆರಂಭದಲ್ಲಿ ಅಲ್ಲಿನ ನವಜಾತ ಶಿಶುಗಳ ಘಟಕದಲ್ಲಿ ಅವರು ಕೆಲಸ ಮಾಡುತ್ತಿದ್ದಾಗ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಆಪರೇಷನ್ನಿಗೆ ಹೋಗುವಾಗ ಸ್ಥಿರವಾಗಿದ್ದ ಕೂಸುಗಳು ವಾಪಸು ಬರುವಾಗ ಬೂದಿಬಣ್ಣಕ್ಕೆ ತಿರುಗಿರುತ್ತಿದ್ದವು. ಉಸಿರು ಮೇಲುಮೇಲೆ, ನಾಡಿ ಕ್ಷೀಣ. ಆಪರೇಷನ್ ಥಿಯೇಟರಿನ ಒಳಗೆ ಏನಾಗುತ್ತಿದೆ ಎಂದು ವಿಚಾರಿಸಿದರು. ಸ್ನಾಯು ನಿಲ್ಲಿಸುವ ಔಷಧ, ಜೊತೆಗೆ ನಗೆ ಅನಿಲ ಎಂದು ಕರೆಯುವ ಹಗುರವಾದ ಅನಿಲ. ಅಷ್ಟೇ.

ನೋವು ಇದೆಯೋ ಇಲ್ಲವೋ ಎಂದು ಕೂಸನ್ನು ಕೇಳುವಂತಿಲ್ಲ. ಆನಂದ್ ಕೂಸಿನ ರಕ್ತವನ್ನು ಕೇಳಿದರು. ಮೈಗೆ ದೊಡ್ಡ ಪೆಟ್ಟು ಬಿದ್ದಾಗ ರಕ್ತದಲ್ಲಿ ಅಡ್ರಿನಲಿನ್ ಥರದ ರಸಗಳು ಉಕ್ಕುತ್ತವೆ, ಸಕ್ಕರೆ ಏರುತ್ತದೆ. ತಿಂಗಳು ತುಂಬದೆ ಹುಟ್ಟಿದ 16 ಕೂಸುಗಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಹೃದಯದ ಹತ್ತಿರದ ಅದೇ ಆಪರೇಷನ್. ಎಂಟು ಕೂಸುಗಳಿಗೆ ಆಗಿನ ಮಾಮೂಲು ಪದ್ಧತಿ. ಇನ್ನೆಂಟಕ್ಕೆ ಅದರ ಜೊತೆ ಫೆಂಟನಿಲ್ ಎಂಬ ಬಲವಾದ ನೋವಿನ ಔಷಧ. ಔಷಧ ಸಿಗದ ಕೂಸುಗಳ ರಕ್ತದಲ್ಲಿ ಆ ರಸಗಳು ಮಿತಿಮೀರಿ ಏರಿದವು. ಆಪರೇಷನ್ ನಂತರದ ತೊಂದರೆಗಳೂ ಅವಕ್ಕೇ ಹೆಚ್ಚು. 1987ರ ಜನವರಿಯಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು.

ಅದೇ ವರ್ಷ ಆನಂದ್ ಮತ್ತು ಬಾಸ್ಟನ್ನಿನ ಪಾಲ್ ಹಿಕಿ ಇನ್ನೊಂದು ದೊಡ್ಡ ಲೇಖನ ಬರೆದು, ಕೂಸುಗಳಿಗೆ ನೋವಿಲ್ಲ ಎನ್ನುವುದಕ್ಕೆ ಆಧಾರವೇ ಇಲ್ಲ ಎಂದು ಒಂದೊಂದಾಗಿ ಬಿಡಿಸಿ ತೋರಿಸಿದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 1987ರಲ್ಲೇ ತನ್ನ ನಿಲುವು ತಿಳಿಸಿತು: ಎಷ್ಟೇ ಸಣ್ಣ ಕೂಸಾದರೂ ಅರಿವಳಿಕೆ ಕೊಡಬೇಕು.

1992ರಲ್ಲಿ ಇವರಿಬ್ಬರ ಮತ್ತೊಂದು ಅಧ್ಯಯನ ಬಂತು. ಹೃದಯದ ಆಪರೇಷನ್ ಆದ ನವಜಾತ ಶಿಶುಗಳಲ್ಲಿ, ಹೆಚ್ಚು ಪ್ರಮಾಣದಲ್ಲಿ ಬಲವಾದ ನೋವಿನ ಔಷಧ ಪಡೆದ 30 ಕೂಸುಗಳಲ್ಲಿ ಒಂದೂ ಸಾಯಲಿಲ್ಲ. ಹಗುರ ಅರಿವಳಿಕೆ ಪಡೆದ 15ರಲ್ಲಿ ನಾಲ್ಕು ತೀರಿಕೊಂಡವು. ನೋವು ತಡೆಯುವುದು ಬರೀ ಕರುಣೆಯ ಮಾತಲ್ಲ, ಜೀವ ಉಳಿಸುವ ಚಿಕಿತ್ಸೆಯೇ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ತಲೆಯ ಆಪರೇಷನ್ ಮಾತ್ರ ಹಿಂದೆ ಉಳಿಯಿತು

ಎದೆ, ಹೊಟ್ಟೆಯ ಆಪರೇಷನ್ ಆದ ಮಕ್ಕಳಿಗೆ ದಿನ ಬದಲಾಯಿತು. ತಲೆಯ ಆಪರೇಷನ್ ಆದ ಮಕ್ಕಳಿಗೆ ಅಷ್ಟು ಬೇಗ ಬದಲಾಗಲಿಲ್ಲ. ಅದಕ್ಕೆ ಎರಡು ಕಾರಣ.

ಮೊದಲನೆಯದು ಒಂದು ಅರ್ಧ ಸತ್ಯ. ಮೆದುಳಿಗೆ ನೋವಿಲ್ಲ ಎಂಬುದು. ಮೆದುಳಿನ ತಿರುಳಿನಲ್ಲಿ ನೋವು ಹಿಡಿಯುವ ನರದ ತುದಿಗಳು ಇಲ್ಲ, ಅದು ನಿಜ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಹೆಸರಾಂತ ಸರ್ಜನ್ ತಲೆಯ ಚರ್ಮಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ರೋಗಿ ಎಚ್ಚರ ಇದ್ದು ಮಾತಾಡುತ್ತಿರುವಾಗಲೇ ಮೆದುಳಿನ ಆಪರೇಷನ್ ಮಾಡುತ್ತಿದ್ದರು. 1949ರಲ್ಲಿ ವೆಲ್ಲೂರಿನಲ್ಲಿ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ತೆರೆದ ಡಾ. ಜೇಕಬ್ ಚಾಂಡಿ ಕಲಿತು ಬಂದದ್ದೂ ಅಲ್ಲಿಯೇ.

ಆದರೆ ಮೆದುಳು ಮುಟ್ಟಬೇಕಾದರೆ ಮೊದಲು ಏನೇನು ದಾಟಬೇಕು ನೋಡಿ. ತಲೆಯ ಚರ್ಮ, ಅದರ ತುಂಬ ನರಗಳು. ಅದರ ಕೆಳಗೆ ಸ್ನಾಯು, ಎಲುಬಿನ ಪೊರೆ. ಆಮೇಲೆ ಮೆದುಳನ್ನು ಸುತ್ತಿರುವ ಗಟ್ಟಿ ಪೊರೆ. ಇವೆಲ್ಲ ನೋಯುತ್ತವೆ. ತೆಂಗಿನಕಾಯಿಯ ಒಳಗಿನ ನೀರಿಗೆ ನೋವಿಲ್ಲ ಎಂದರೆ ಸಿಪ್ಪೆ, ಚಿಪ್ಪು ಒಡೆದದ್ದು ಸುಳ್ಳಾಗುತ್ತದೆಯೇ? ಹಿಂದಲೆಯ ಆಪರೇಷನ್ನಿನಲ್ಲಂತೂ ಕತ್ತಿನ ದಪ್ಪ ಸ್ನಾಯುಗಳನ್ನೇ ಬಿಡಿಸಬೇಕು. ನಮ್ಮ ಹುಡುಗ ಕತ್ತು ಹೊರಳಿಸದೆ ಮಲಗಿದ್ದಕ್ಕೆ ಕಾರಣ ಅದೇ.

1996ರಲ್ಲಿ ಇಟಲಿಯ ವೈದ್ಯರ ಒಂದು ಸಣ್ಣ ಅಧ್ಯಯನ ಈ ಅರ್ಧ ಸತ್ಯವನ್ನು ಮುರಿಯಿತು. ತಲೆಯ ಆಪರೇಷನ್ ಆದ ರೋಗಿಗಳಲ್ಲಿ ನೂರಕ್ಕೆ 60 ಜನರಿಗೆ ನೋವಿತ್ತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಅದು ಸಾಧಾರಣದಿಂದ ತೀವ್ರ ಮಟ್ಟದ್ದು. ಹೆಚ್ಚಿನದು ಮೊದಲ ಎರಡು ದಿನಗಳಲ್ಲಿ.

ಎರಡನೆಯ ಕಾರಣ ಭಯ. ಈ ಭಯಕ್ಕೆ ನಿಜವಾದ ಬುಡ ಇದೆ, ಅದನ್ನು ಹಗುರ ಮಾಡಬಾರದು. ತಲೆಬುರುಡೆ ಮುಚ್ಚಿದ ಗಡಿಗೆ ಇದ್ದಂತೆ. ಆಪರೇಷನ್ ನಂತರ ಒಳಗೆ ರಕ್ತ ಜಿನುಗಿದರೂ, ಮೆದುಳು ಊದಿಕೊಂಡರೂ ಹೊರಗೆ ಕಾಣುವುದಿಲ್ಲ. ಅದಕ್ಕೇ ಗಂಟೆಗೊಮ್ಮೆ ಹೆಸರು ಹಿಡಿದು ಕರೆಯುತ್ತಾರೆ, ಕಣ್ಣಿಗೆ ಬ್ಯಾಟರಿ ಬಿಟ್ಟು ಪಾಪೆ ನೋಡುತ್ತಾರೆ, ಕೈಕಾಲು ಎತ್ತು ಎನ್ನುತ್ತಾರೆ. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇದಕ್ಕೊಂದು ಅಂಕದ ಪಟ್ಟಿಯನ್ನೇ ಮಾಡಿದರು. ಈಗಲೂ ಎಲ್ಲ ಕಡೆ ಅದೇ ನಡೆಯುತ್ತಿದೆ.

ಮಾರ್ಫಿನ್‌ನಂಥ ಅಫೀಮು ಮೂಲದ ಔಷಧ ಕೊಟ್ಟರೆ ಮಗುವಿಗೆ ಮಂಪರು ಬರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಮಗು ಏಳದಿರುವುದು ಔಷಧದಿಂದಲೋ, ಒಳಗಿನ ರಕ್ತಸ್ರಾವದಿಂದಲೋ ಎಂದು ಹೇಳುವುದು ಕಷ್ಟ. ಪ್ರಮಾಣ ಹೆಚ್ಚಾದರೆ ಉಸಿರು ನಿಧಾನವಾಗಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ, ಮೆದುಳಿನ ರಕ್ತನಾಳಗಳು ಹಿಗ್ಗಿ ಒತ್ತಡ ಏರುತ್ತದೆ. ಬ್ರೂಫೆನ್ ಜಾತಿಯ ಮಾತ್ರೆ ಕೊಟ್ಟರೆ ರಕ್ತ ಹೆಪ್ಪುಗಟ್ಟುವುದು ತಡವಾಗಬಹುದು ಎಂಬ ಇನ್ನೊಂದು ಭಯ. ಹೀಗೆ ಎಡಕ್ಕೆ ಹೋದರೆ ಬಾವಿ, ಬಲಕ್ಕೆ ಹೋದರೆ ಹಳ್ಳ.

ಕೊಡೀನ್ ಎಂಬ ಸುಲಭದ ದಾರಿ

ಈ ಇಕ್ಕಟ್ಟಿನಲ್ಲಿ ವೈದ್ಯರು ಹಿಡಿದ ನಡುದಾರಿ ಕೊಡೀನ್. ಅದೂ ಅಫೀಮಿನ ಬಳಗದ್ದೇ, ಆದರೆ ಹಗುರ, ಮಂಪರು ಕಡಿಮೆ ಎಂಬ ನಂಬಿಕೆ. ಬಹಳ ದೇಶಗಳಲ್ಲಿ ಹತ್ತಾರು ವರ್ಷ ತಲೆಯ ಆಪರೇಷನ್ ಆದವರಿಗೆ ಕೊಡುತ್ತಿದ್ದದ್ದು ಪ್ಯಾರಾಸಿಟಮಾಲ್ ಮತ್ತು ಕೊಡೀನ್.

ಆದರೆ ಕೊಡೀನ್ ತಾನಾಗಿ ಕೆಲಸ ಮಾಡುವುದು ಕಡಿಮೆ. ನಮ್ಮ ಲಿವರ್ ಅದನ್ನು ಮಾರ್ಫಿನ್ ಆಗಿ ಬದಲಾಯಿಸಿದಾಗಲೇ ಅದರ ಶಕ್ತಿ. ಆ ಬದಲಾವಣೆ ಎಲ್ಲರ ಮೈಯಲ್ಲೂ ಒಂದೇ ಥರ ಆಗುವುದಿಲ್ಲ, ಅದು ಹುಟ್ಟಿನಿಂದ ಬಂದ ಗುಣ. ಕೆಲವರಲ್ಲಿ ಬದಲಾಗುವುದೇ ಇಲ್ಲ, ಔಷಧ ಕೊಟ್ಟರೂ ನೋವು ಹಾಗೇ ಉಳಿಯುತ್ತದೆ. ಇನ್ನು ಕೆಲವರಲ್ಲಿ ಒಮ್ಮೆಲೇ ಬದಲಾಗಿ ಅತಿಯಾಗುತ್ತದೆ, ಮಗು ಉಸಿರಾಡುವುದನ್ನೇ ನಿಲ್ಲಿಸಬಹುದು. ಹೊರಗಿನಿಂದ ನೋಡಿದರೆ ಯಾರು ಯಾವ ಜಾತಿ ಎಂದು ತಿಳಿಯದು.

ಕೆನಡಾದಲ್ಲಿ ಗಂಟಲಿನ ಟಾನ್ಸಿಲ್ ಆಪರೇಷನ್ ಆದ ಎರಡು ವರ್ಷದ ಮಗು ಕೊಡೀನ್ ಕುಡಿದು ತೀರಿಕೊಂಡದ್ದು 2009ರಲ್ಲಿ ವರದಿಯಾಯಿತು. ಅಂಥ ಇನ್ನಷ್ಟು ಪ್ರಕರಣಗಳು ಬಂದವು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ನೋವಿನ ಮಾರ್ಗಸೂಚಿಯಿಂದ ಕೊಡೀನನ್ನು ಕೈಬಿಟ್ಟಿತು. ಹಗುರ ನೋವಿಗೆ ಪ್ಯಾರಾಸಿಟಮಾಲ್ ಅಥವಾ ಬ್ರೂಫೆನ್, ಹೆಚ್ಚಿನ ನೋವಿಗೆ ಅಳತೆ ಮಾಡಿದ ಮಾರ್ಫಿನ್, ಎರಡೇ ಮೆಟ್ಟಿಲು ಸಾಕು ಎಂದಿತು. 2017ರಲ್ಲಿ ಅಮೆರಿಕದ ಔಷಧ ಇಲಾಖೆ 12 ವರ್ಷದ ಒಳಗಿನ ಮಕ್ಕಳಿಗೆ ಕೊಡೀನ್ ಕೊಡಲೇಬಾರದು ಎಂದು ಸೂಚಿಸಿತು.

ಕ್ಷೇಮ ಎಂದು ನಂಬಿದ್ದೇ ಕ್ಷೇಮವಾಗಿರಲಿಲ್ಲ. ಅಪಾಯ ಎಂದು ದೂರ ಇಟ್ಟಿದ್ದ ಮಾರ್ಫಿನ್, ಸರಿಯಾದ ಅಳತೆ, ಪಕ್ಕದಲ್ಲಿ ಕಾವಲು ಇದ್ದರೆ, ಹೆಚ್ಚು ನಂಬಿಕಸ್ತ ಎಂದಾಯಿತು.

ಅಫೀಮು ಬೆಳೆಯುವ ದೇಶದಲ್ಲಿ

ಇಲ್ಲಿ ನಮ್ಮ ದೇಶದ ಕಥೆ ಒಂದಿಷ್ಟು ಹೇಳಬೇಕು. ಮಧ್ಯಪ್ರದೇಶದ ಮಂದಸೌರ್, ನೀಮಚ್, ರಾಜಸ್ಥಾನದ ಚಿತ್ತೋಡಗಢ ಕಡೆಯ ರೈತರು ಸರ್ಕಾರದ ಲೈಸೆನ್ಸ್ ಪಡೆದು ಗಸಗಸೆ ಗಿಡ ಬೆಳೆದು, ಕಾಯಿಗೆ ಗೀರು ಹಾಕಿ ಅಫೀಮು ತೆಗೆಯುತ್ತಾರೆ. ಗಾಜಿಪುರ ಮತ್ತು ನೀಮಚ್‌ನಲ್ಲಿ ಸರ್ಕಾರದ ಕಾರ್ಖಾನೆಗಳಿವೆ. ಜಗತ್ತಿನ ಔಷಧಕ್ಕೆ ಕಾನೂನುಬದ್ಧವಾಗಿ ಅಫೀಮು ಕೊಡುವ ದೇಶ ನಮ್ಮದು.

ಆದರೂ ನಮ್ಮ ರೋಗಿಗಳಿಗೆ ಮಾರ್ಫಿನ್ ಸಿಗುತ್ತಿರಲಿಲ್ಲ. 1985ರ ಮಾದಕವಸ್ತು ಕಾನೂನು ಕಳ್ಳಸಾಗಣೆ ತಡೆಯಲು ಬಂದದ್ದು. ಅದರ ಬಿಗಿಯಲ್ಲಿ ಆಸ್ಪತ್ರೆಗಳೂ ಸಿಕ್ಕಿಕೊಂಡವು. ಒಂದು ಔಷಧ ತರಿಸಲು ನಾಲ್ಕೈದು ಲೈಸೆನ್ಸ್, ಒಂದರ ಅವಧಿ ಮುಗಿಯುವ ಹೊತ್ತಿಗೆ ಇನ್ನೊಂದು ಬಂದಿರುವುದಿಲ್ಲ. ತಪ್ಪಿದರೆ ಜೈಲು. ಈ ತಾಪತ್ರಯವೇ ಬೇಡ ಎಂದು ಬಹಳ ಆಸ್ಪತ್ರೆಗಳು ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ಇಷ್ಟು ದೊಡ್ಡ ದೇಶದ ಒಂದು ವರ್ಷದ ಮಾರ್ಫಿನ್ ಬಳಕೆ 18 ಕಿಲೋ ಆಸುಪಾಸಿಗೆ ಇಳಿದಿತ್ತು.

ಕೇರಳದ ಅರಿವಳಿಕೆ ತಜ್ಞ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ನೋವು ಶಮನದ ಸಂಘ ಕಟ್ಟಿ, ಈ ಕಾನೂನು ಸಡಿಲಿಸಲು ವರ್ಷಗಟ್ಟಲೆ ಓಡಾಡಿದರು. 2014ರಲ್ಲಿ ಸಂಸತ್ತು ಕಾನೂನಿಗೆ ತಿದ್ದುಪಡಿ ತಂದಿತು. ಮಾನ್ಯತೆ ಪಡೆದ ಆಸ್ಪತ್ರೆಗಳು ಈಗ ದೇಶದ ಎಲ್ಲ ಕಡೆ ಒಂದೇ ಥರದ ನಿಯಮದಲ್ಲಿ ಮಾರ್ಫಿನ್ ಇಟ್ಟುಕೊಳ್ಳಬಹುದು. ಆ ಹೋರಾಟ ಹೆಚ್ಚಾಗಿ ಕ್ಯಾನ್ಸರ್ ರೋಗಿಗಳಿಗಾಗಿ ನಡೆದದ್ದು. ಅದರ ಫಲ ಆಪರೇಷನ್ ಆದ ಮಕ್ಕಳಿಗೂ ಮುಟ್ಟುತ್ತದೆ.

ಈಗ ಮಾಡುವುದೇನು, ಮನೆಯವರು ಮಾಡಬಹುದಾದದ್ದೇನು

ಈಗ ಒಳ್ಳೆಯ ಆಸ್ಪತ್ರೆಗಳಲ್ಲಿ ಒಂದೇ ಔಷಧವನ್ನು ನೆಚ್ಚುವುದಿಲ್ಲ. ಆಪರೇಷನ್ ಹೊತ್ತಿನಲ್ಲೇ ತಲೆಯ ಚರ್ಮದ ನರಗಳ ಸುತ್ತ ಮರಗಟ್ಟಿಸುವ ಔಷಧ ಚುಚ್ಚುತ್ತಾರೆ, ಅದು ಮೊದಲ ಕೆಲವು ಗಂಟೆಗಳ ನೋವನ್ನು ತಡೆಯುತ್ತದೆ. ಪ್ಯಾರಾಸಿಟಮಾಲನ್ನು ಮಗು ಅತ್ತ ಮೇಲೆ ಕೊಡುವ ಬದಲು ಗಡಿಯಾರ ನೋಡಿ ಹೊತ್ತುಹೊತ್ತಿಗೆ ಕೊಡುತ್ತಾರೆ. ಅದಕ್ಕೂ ಮಣಿಯದ ನೋವಿಗೆ, ಮಗುವಿನ ತೂಕ ನೋಡಿ, ಐಸಿಯುನಲ್ಲಿ ಉಸಿರು, ಎಚ್ಚರ ಎರಡನ್ನೂ ಕಾಯುತ್ತಾ, ಸಣ್ಣ ಪ್ರಮಾಣದ ಮಾರ್ಫಿನ್ ಅಥವಾ ಫೆಂಟನಿಲ್. ಪಕ್ಕದಲ್ಲಿ ಅವ್ವನನ್ನು ಕೂರಿಸುವುದೂ ಈಗ ಚಿಕಿತ್ಸೆಯ ಭಾಗವೇ.

ಮಗುವಿನ ಹಾಸಿಗೆಯ ಪಕ್ಕ ಕೂರುವವರು ಇಷ್ಟು ನೆನಪಿಡಬೇಕು. ಮಗು ಸುಮ್ಮನಿದೆ ಎಂದರೆ ನೋವಿಲ್ಲ ಎಂದಲ್ಲ. ಹುಬ್ಬು ಗಂಟಿಕ್ಕಿದೆಯೇ, ಹಲ್ಲು ಕಚ್ಚಿದೆಯೇ, ಕಾಲು ಮಡಚಿ ಬಿಗಿ ಹಿಡಿದಿದೆಯೇ, ಮುಟ್ಟಿದರೆ ಬೆಚ್ಚುತ್ತದೆಯೇ ನೋಡಿ. ಕಂಡದ್ದನ್ನು ಸಿಸ್ಟರ್‌ಗೆ, ಡಾಕ್ಟರಿಗೆ ಹೇಳಿ. ಹೇಳಿದರೆ ಬೈತಾರೇನೋ ಎಂಬ ಸಂಕೋಚ ಬೇಡ. ನಿಮ್ಮ ಮಗುವಿನ ಮುಖ ನಿಮಗೆ ಗೊತ್ತಿರುವಷ್ಟು ಅವರಿಗೆ ಗೊತ್ತಿರುವುದಿಲ್ಲ. "ಗಂಡ್ಮಗ ಅಳಬಾರದು" ಎನ್ನುವ ಮಾತನ್ನಂತೂ ಆಸ್ಪತ್ರೆಯ ಬಾಗಿಲ ಹೊರಗೇ ಬಿಟ್ಟು ಹೋಗಿ.

ಹಾಗೆಯೇ, ಮನೆಗೆ ಬಂದ ಮೇಲೆ ಡಾಕ್ಟರ್ ಬರೆದ ಔಷಧ ಬಿಟ್ಟು ಅಂಗಡಿಯ ಮಾತ್ರೆ, ದೊಡ್ಡವರ ಮಾತ್ರೆ ಅರ್ಧ ಮಾಡಿದ್ದು ಯಾವುದನ್ನೂ ಕೊಡಬೇಡಿ. ಮಕ್ಕಳಿಗೆ ತಾವಾಗಿ ಆಸ್ಪಿರಿನ್ ಕೊಡಲೇಬಾರದು. ಕಡಿಮೆಯಾಗುತ್ತಾ ಬಂದ ತಲೆನೋವು ಮತ್ತೆ ಏರಿದರೆ, ಮೇಲಿಂದ ಮೇಲೆ ವಾಂತಿಯಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಫಿಟ್ಸ್, ಜ್ವರ ಬಂದರೆ, ಹೊಲಿಗೆಯಿಂದ ನೀರು ಜಿನುಗಿದರೆ ಅದು ಬರೀ ಗಾಯದ ನೋವು ಎಂದು ಕಾಯಬೇಡಿ. ತಲೆಯ ನೀರು ಇಳಿಸಲು ಕೊಳವೆ ಹಾಕಿರುವ ಮಕ್ಕಳಲ್ಲಿ ಕೊಳವೆ ಕಟ್ಟಿಕೊಂಡರೂ ಹೀಗೇ ಆಗುತ್ತದೆ. ತಡಮಾಡದೆ ಆಪರೇಷನ್ ಆದ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ.

ಆ ದಿನ ಸಿಸ್ಟರ್ ಡಾಕ್ಟರಿಗೆ ಫೋನ್ ಮಾಡಿ, ಹುಡುಗನ ಔಷಧ ಬದಲಾಯಿತು. ಸುಮಾರು ಹೊತ್ತಿನ ನಂತರ ಮತ್ತೆ ಬಂದು ಅದೇ ಹಾಳೆ ಹಿಡಿದರು. ಈ ಸಲ ಬೆರಳು ಎರಡನೇ ಮುಖದ ಮೇಲೆ ಹೋಯಿತು. ಆಮೇಲೆ ಹುಡುಗ ಸಣ್ಣ ದನಿಯಲ್ಲಿ ಅತ್ತ. ಅಪ್ಪ ಗಾಬರಿಯಾಗಿ "ಮತ್ತ ನೋವಾತೇನೋ?" ಎಂದರು.

"ಇಲ್ಲ. ಅವ್ವ ಬೇಕು," ಎಂದ.

ಹೊರಗೆ ಕಾರಿಡಾರಿನಲ್ಲಿ ಕೂತಿದ್ದ ಅವ್ವನನ್ನು ಕರೆತರಲು ನಾವೇ ಎದ್ದು ಹೋದೆವು.